ಎಡಕ್ಕೇ ಬೀಳುವ ಬಾಣ

ಆಪ್ ನಿಡುಪನಷ್ಟು ನನ್ನ ತಲೆ ತಿಂದ ಮನುಷ್ಯ ಭೂತಾನದ ಈ ಪಾರೋ ಕಣಿವೆಯಲ್ಲಿ ಇನ್ನೊಬ್ಬನಿಲ್ಲ. ಹಿರಿಯನೆಂದು ‘ಆಪ್’ ಅನ್ನುತ್ತೇವೆ. ಇಲ್ಲದಿದ್ದರೆ ಅನ್ನಲು ಬೇರೆ ಮಾತುಗಳು ನನ್ನ ಬಳಿ ಬೇಕಾದಷ್ಟಿವೆ. ಒಂದು ಸೇಬಿನ ತೋಟ, ಒಂದೆರಡು ಹಸು, ನಾವು ಗೌರವಕ್ಕೆ ‘ಆಮ್’ ಅನ್ನುವ ಹೆಂಡತಿ ಚೆಕಿ, ಒಂದು ಬಿದಿರಿನ ಬಿಲ್ಲು, ಇಷ್ಟೇ ಅವನ ಪ್ರಪಂಚ. ಹಸುಗಳಿಗೆ ಮೇವು ಹಾಕಲು ಮರೆತರೂ ಮರೆತಾನು, ಬಿಲ್ಲಿಗೆ ಎಣ್ಣೆ ಸವರುವುದನ್ನು ಮರೆಯುವವನಲ್ಲ. ಯಾರಾದರೂ ಬುದ್ಧಿ ಹೇಳಿದರೆ ಎಲೆಯಡಿಕೆ ಬಾಯಿಗೆ ತುಂಬಿಕೊಂಡು ಆಕಾಶ ನೋಡುತ್ತಾನೆ. ಕೇಳಿದ ಪ್ರಶ್ನೆಗೆ ಉತ್ತರ ಬೇಕಾದರೆ ಅವನು ಉಗುಳುವವರೆಗೂ ಕಾಯಬೇಕು.

ಆದರೂ ನಮ್ಮ ತಂಡದ ಕೊನೆಯ ಬಾಣ ಯಾವತ್ತೂ ಅವನದೇ. ಮೊಳದಗಲವೂ ಇಲ್ಲದ ಹಲಗೆಯನ್ನು ಮೈದಾನದ ಆ ತುದಿಯಲ್ಲಿ ನೆಟ್ಟು ಈ ತುದಿಯಿಂದ ಹೊಡೆಯುವ ಆಟ ಇದು. ಹೊಸಬರಿಗೆ ಹಲಗೆ ಎಲ್ಲಿದೆ ಎಂದು ಬೆರಳು ತೋರಿಸಿ ಹೇಳಬೇಕಾಗುತ್ತದೆ. ನಿಡುಪ ಅದಕ್ಕೆ ಬಾಣ ನೆಡುತ್ತಿದ್ದ ರೀತಿ ನೋಡಿ ಹೊಳೆಯಾಚೆಯ ಊರಿನವರೂ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಈ ಸಲ ಭತ್ತದ ಕೊಯ್ಲು ಮುಗಿದ ಮೇಲೆ ಅದೇ ಹೊಳೆಯಾಚೆಯವರ ಕೈಲಿ ಎರಡು ಪಂದ್ಯ ಸೋತೆವು. ಎರಡರಲ್ಲೂ ನಿಡುಪನ ಬಾಣಗಳು ಹಲಗೆಯ ಎಡಕ್ಕೆ, ಅದೂ ಹಲಗೆಯವರೆಗೂ ಹೋಗದೆ ನೆಲ ಕಚ್ಚಿದವು. ತಮಾಷೆಯೆಂದರೆ ಅಭ್ಯಾಸದಲ್ಲಿ ಎಲ್ಲ ಸರಿ. ಮನೆಯಿಂದ ಬರುತ್ತಾನೆ, ಹೊಡೆಯುತ್ತಾನೆ, ಹಲಗೆ ಸದ್ದು ಮಾಡುತ್ತದೆ, ಎಮ್ಮೆಯ ಹಾಗೆ ನಿಧಾನಕ್ಕೆ ಮನೆಗೆ ಹೋಗುತ್ತಾನೆ. ಪಂದ್ಯದ ದಿನ ಬಂತೋ, ಎಡಕ್ಕೆ.

ಮೊದಲ ಪಂದ್ಯ ಸೋತಾಗಲೇ, ನಾಯಕನೆಂಬ ಕರ್ಮಕ್ಕೆ, ಕಾರಣ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ನಾರಿನ ಹೆದೆ ಸಡಿಲವಾಗಿದೆಯೆಂದು ಹೊಸದು ಹೊಸೆಸಿದೆ. ಬಾಣದ ಗರಿ ಸವೆದಿದೆಯೆಂದು ಕಾಡುಕೋಳಿಯ ಗರಿ ತರಿಸಿ ಅಂಟಿಸಿದೆ. ಬಿದಿರು ತೇವ ಹಿಡಿದಿರಬೇಕೆಂದು ಬಿಲ್ಲನ್ನು ನಮ್ಮ ಒಲೆಯ ಮೇಲೆ ಕಟ್ಟಿದೆ. ಅಡುಗೆಮನೆಯ ಮೆಣಸಿನಕಾಯಿ ಘಾಟೆಲ್ಲ ಅದಕ್ಕೆ ಹತ್ತಿತು, ಹೆಂಡತಿಯ ಕೈಲಿ ಬೈಸಿಕೊಂಡಿದ್ದೇ ಲಾಭ. ಜೋಯಿಸರನ್ನು ಕೇಳಿದರೆ, ಎದುರಾಳಿಯ ಜೋಯಿಸರು ಏನೋ ಮಾಡಿಸಿದ್ದಾರೆ, ಮೈದಾನಕ್ಕೆ ಉತ್ತರದಿಂದ ಬನ್ನಿ ಅಂದರು. ಉತ್ತರಕ್ಕೆ ಇರುವುದು ಕೊರಕಲು. ಎರಡನೆಯ ಪಂದ್ಯಕ್ಕೆ ತಂಡವೆಲ್ಲ ಮುಳ್ಳು ಕೀಳುತ್ತಾ ಹತ್ತಿ ಬಂದೆವು. ಬಾಣ ಎಡಕ್ಕೇ ಬಿತ್ತು.

ಹೊಸ ವರ್ಷದ ಪಂದ್ಯಕ್ಕೆ ಮುಂಚೆ ಫುರ್ಬಾ ಬಾಯಿ ಬಿಟ್ಟ. ಅವನು ನಮ್ಮ ತಂಡದವನೇ, ನಾಲಗೆಗೆ ಮೂಳೆಯಿಲ್ಲ. ಪಂದ್ಯದ ಹಿಂದಿನ ರಾತ್ರಿ ಬಿಲ್ಲುಗಾರರು ಮನೆಯಲ್ಲಿ ಮಲಗುವಂತಿಲ್ಲ, ಹೆಂಡತಿಯ ಮಗ್ಗುಲಲ್ಲಿ ಮಲಗಿದವನ ಗುರಿ ಕೆಡುತ್ತದೆ. ಅದಕ್ಕೇ ಎಲ್ಲರೂ ನಮ್ಮ ಕೊಟ್ಟಿಗೆಯಲ್ಲಿ ಒಟ್ಟಿಗೆ ಮಲಗುವುದು.

“ಆಪ್, ನಿಜ ಹೇಳ್ಬಿಡಿ,” ಅಂದ ಫುರ್ಬಾ. “ನಾವು ಗೊರಕೆ ಹೊಡೀವಾಗ ನೀವು ಮೆಲ್ಲಗೆ ಮನೆಗೆ ಹೋಗಿ ಬರ್ತೀರಿ, ಅಲ್ವಾ?”

“ಈ ವಯಸ್ಸಲ್ಲಾ?” ಅಂದ ನಿಡುಪ.

“ಅದನ್ನೇ ನಾವೂ ಕೇಳ್ತಿರೋದು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಡುಪ ನಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಅರ್ಧಕ್ಕೇ ಉಗುಳಿ ಬಂದ. ಅವನು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

“ಬಿಲ್ಲು ಹಿಡಿದಾಗಿಂದ ಒಂದು ಸಲವೂ ನೇಮ ಮುರಿದೋನಲ್ಲ ನಾನು. ಈ ಸಲವೂ ಬಾಣ ತಪ್ಪಿದ್ರೆ ಬಿಲ್ಲನ್ನ ಅಟ್ಟಕ್ಕೆ ಹಾಕ್ತೀನಿ, ಮತ್ತೆ ಕೆಳಗಿಳಿಸಲ್ಲ. ತಾಗಿದ್ರೆ ನೀನು ಆ ಮಾತನ್ನ ವಾಪಸ್ ತಗೋಬೇಕು. ಎಲ್ಲರೆದುರಿಗೆ.”

“ಆಗ್ಲಿ,” ಅಂದ ಫುರ್ಬಾ.

ಈ ಮುದುಕನಿಲ್ಲದ ತಂಡ ಏನು ತಂಡ? ಅನುಮಾನಕ್ಕೇ ಎಡೆ ಬೇಡವೆಂದು, ಒಂದು ರಾತ್ರಿಯ ಬದಲು ವಾರವೆಲ್ಲ ಅವನನ್ನು ಕೊಟ್ಟಿಗೆಯಲ್ಲೇ ಮಲಗಿಸಿದೆ. ಬಾಗಿಲಿಗೆ ಅಡ್ಡವಾಗಿ ನಾನೇ ಹಾಸಿಗೆ ಹಾಕಿಕೊಂಡೆ. ಊಟವನ್ನೂ ಅಲ್ಲಿಗೇ ತರಿಸಿದೆ. ಈಗ ಅಭ್ಯಾಸದಲ್ಲೂ ಬಾಣ ಎಡಕ್ಕೆ ಬೀಳತೊಡಗಿತು! ನನಗೆ ಕೂದಲು ಕಿತ್ತುಕೊಳ್ಳುವಂತಾಯಿತು.

ಪಂದ್ಯದ ಬೆಳಿಗ್ಗೆ ಎಲ್ಲರೂ ಒಬ್ಬರಿಗೊಬ್ಬರು ಘೋ ಉಡಿಸುತ್ತಿದ್ದೆವು. ಘೋ ಎಂದರೆ ನಮ್ಮ ಗಂಡಸರ ನಿಲುವಂಗಿ. ಅದನ್ನು ಮೊಣಕಾಲಿಗೆ ಎತ್ತಿ, ಬೆನ್ನ ಹಿಂದೆ ನೆರಿಗೆ ಹಿಡಿದು, ಸೊಂಟಕ್ಕೆ ಪಟ್ಟಿ ಬಿಗಿದರೆ ಎದೆಯ ಮುಂದೆ ದೊಡ್ಡ ಜೋಳಿಗೆ ನಿಲ್ಲುತ್ತದೆ. ಎಲೆಯಡಿಕೆ ಡಬ್ಬಿ, ಒಣಗಿಸಿದ ಚೀಸು, ಫೋನು, ಎಲ್ಲ ಅದರೊಳಗೇ. ನಿಡುಪ ಮಾತ್ರ ಹುಲ್ಲಿನ ಬಣವೆಯ ಹಿಂದೆ ಹೋದ.

“ಪಟ್ಟಿ ನಾನು ಕಟ್ಲಾ?” ಅಂತ ಕೂಗಿದೆ.

“ನಾನೇನು ಮದುಮಗನಾ? ನಿನ್ನ ಕೆಲಸ ನೋಡ್ಕೋ.”

ನೋಡಿಕೊಂಡೆ. ನನ್ನ ಕೆಲಸವೆಂದರೆ ಹಲಗೆಯ ಪಕ್ಕ ನಿಂತು ಗಂಟಲು ಹರಿದುಕೊಳ್ಳುವುದು. ನಿಡುಪ ಹೊಡೆದ, ಎಡಕ್ಕೆ. “ಬಲಕ್ಕೆ ಹಿಡೀರಿ ಆಪ್, ಬಲಕ್ಕೆ!” ಎಂದು ಕೂಗಿದೆ. ಬಲಕ್ಕೆ ಹಿಡಿದ. ಬಾಣ ದಾರಿಯಲ್ಲೇ ಮನಸ್ಸು ಬದಲಾಯಿಸಿ ಎಡಕ್ಕೆ ನಿಂತಿದ್ದ ನನ್ನ ಬೂಟಿನ ಹತ್ತಿರ ನಾಟಿತು. ಇನ್ನು ತಡೆಯಲಾರದೆ, ಅವನ ಕೊನೆಯ ಬಾಣಕ್ಕೆ ಮುಂಚೆ ಇಡೀ ಮೈದಾನ ದಾಟಿ ಅವನ ಬಳಿಗೆ ನಡೆದೆ.

ಹೊಡೆಯುವವನ ಪಕ್ಕ ನಿಂತು ಹಾಡಿ ಹಂಗಿಸುವುದು ಎದುರಾಳಿ ಊರಿನ ಹೆಂಗಸರ ಹಕ್ಕು. ಹೊಳೆಯಾಚೆಯ ಹೆಂಗಸರು ಸಾಲಾಗಿ ಕೈ ಹಿಡಿದು ಕುಣಿಯುತ್ತಿದ್ದರು.

“ನೋಡ್ರೇ ನಿಡುಪನ ಹೊಟ್ಟೆ, ತುಂಬು ತಿಂಗಳಂತೆ! ಒಳಗಿನ ಮಗು ಒದ್ದಾಗ್ಲೆಲ್ಲ ಬಾಣ ಎಡಕ್ಕಂತೆ!”

ನಾವೆಲ್ಲ ಇಷ್ಟು ದಿನ ಬಾಣ ನೋಡಿದ್ದೆವು, ಹಲಗೆ ನೋಡಿದ್ದೆವು, ಗಾಳಿ ನೋಡಿದ್ದೆವು. ಮನುಷ್ಯನನ್ನು ನೋಡಿದವರು ಈ ಹೆಂಗಸರು ಮಾತ್ರ. ನಾನೂ ನೋಡಿದೆ. ಪಟ್ಟಿ ಸಡಿಲವಾಗಿತ್ತು, ಜೋಳಿಗೆ ಮುಂದಕ್ಕೆ ಜೋತು ಬಿದ್ದಿತ್ತು. ಹೆದೆ ಎಳೆದರೆ ಅದಕ್ಕೆ ಉಜ್ಜಿಕೊಂಡೇ ಹೋಗಬೇಕು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಊರಿನ ಹೆಂಗಸರ ಸಾಲಿನಿಂದ ಆಮ್ ಚೆಕಿ ದಡದಡ ಬಂದಳು. ಕೈಲಿದ್ದ ಮದ್ಯದ ಹೂಜಿಯನ್ನು ನನ್ನ ಕೈಗೆ ತುರುಕಿದಳು.

“ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ?”

“ಚೆಕಿ, ಹೋಗೇ. ಜನ ನೋಡ್ತಾರೆ,” ಎಂದು ನಿಡುಪ ಹಲ್ಲು ಕಚ್ಚಿದ.

“ನೋಡ್ಲಿ! ಈ ಸಲ ಕೊಯ್ಲಿಗೆ ಮುಂಚೆ ಸೇಬಿನ ಮರದಿಂದ ಬಿದ್ದಾಗಿಂದ ಎಡಗೈ ಬೆನ್ನ ಹಿಂದಕ್ಕೆ ಹೋಗಲ್ಲ ಇವ್ರಿಗೆ. ದಿನಾ ನಾನೇ ಕಟ್ಟಿ ಕಳಿಸ್ತಿದ್ದೆ. ಯಾರಿಗೂ ಹೇಳ್ಬೇಡ, ತಂಡದಿಂದ ತೆಗೀತಾರೆ ಅಂತ ಆಣೆ ಹಾಕಿಸ್ಕೊಂಡ್ರು. ನೀವೋ, ವಾರಗಟ್ಟಲೆ ಕೊಟ್ಟಿಗೇಲಿ ಕಟ್ ಹಾಕಿದ್ರಿ!”

ಈ ಕೊನೆಯ ಮಾತು ನನಗೆ. ಮುದುಕನ ಮುಖ ಕೆಂಪಾಗಿತ್ತು, ಕಣ್ಣು ನೆಲದ ಮೇಲಿತ್ತು. ನೋಡಲಾಗಲಿಲ್ಲ ನನಗೆ. ಆಮ್ ಚೆಕಿ ಅವನ ಬೆನ್ನ ಹಿಂದೆ ಹೋಗಿ ನೆರಿಗೆ ಸರಿಮಾಡಿ, ಮಂಡಿಯೂರಿ ಪಟ್ಟಿ ಎಳೆದಳು. ಅವನ ಬಾಯಿಂದ ಹುಂ ಎಂಬ ಸದ್ದು ಹೊರಟಿತು.

ಫುರ್ಬಾ ಓಡಿ ಬಂದ. “ಅಯ್ಯೋ, ಬಾಣ ಹೊಡೆಯೋ ಹೊತ್ತಲ್ಲಿ ಹೆಂಗಸು ಮುಟ್ಟೋದಾ!”

“ನಾನೇನು ಬಿಲ್ಲು ಮುಟ್ಟಿದ್ನಾ? ಗಂಡನ್ನ ಮುಟ್ಟಿದೆ,” ಅಂದಳು ಆಮ್ ಚೆಕಿ.

ಹೊಳೆಯಾಚೆಯ ನಾಯಕ ನಗುತ್ತಾ, “ಮುಟ್ಲಿ ಬಿಡಪ್ಪಾ, ನಮಗೇನೂ ಅಭ್ಯಂತರ ಇಲ್ಲ,” ಅಂದ. ಇನ್ನಷ್ಟು ಗುರಿ ತಪ್ಪುತ್ತದೆಂದು ಅವನ ಲೆಕ್ಕ.

ನಿಡುಪ ಬಿಲ್ಲೆತ್ತಿದ. ಹೆದೆ ಎದೆಯ ಪಕ್ಕದಿಂದ ಯಾವ ತಡೆಯೂ ಇಲ್ಲದೆ ಹೋಯಿತು. ದೂರದಲ್ಲಿ ಟಕ್ ಎಂಬ ಸದ್ದು. ಹಲಗೆಯ ಬಳಿ ನಮ್ಮವರು ಕೈಯೆತ್ತಿ ಕುಣಿಯತೊಡಗಿದರು. ನಾನು ಹೂಜಿ ಹಿಡಿದುಕೊಂಡೇ ಕುಣಿದೆ, ಅರ್ಧ ಮದ್ಯ ನನ್ನ ಮೇಲೆಯೇ ಚೆಲ್ಲಿತು.

ಗುರಿ ತಾಗಿಸಿದವನ ಪಟ್ಟಿಗೆ ಬಣ್ಣದ ವಸ್ತ್ರ ಸಿಕ್ಕಿಸುವುದು ವಾಡಿಕೆ. ಬೇಕೆಂದೇ ಅದನ್ನು ಫುರ್ಬಾನ ಕೈಗೆ ಕೊಟ್ಟೆ. ಪಟ್ಟಿ ಎಷ್ಟು ಬಿಗಿಯಾಗಿತ್ತೆಂದರೆ ವಸ್ತ್ರ ಒಳಗೆ ನುಸುಳಲೇ ಇಲ್ಲ. ಫುರ್ಬಾ ಬಗ್ಗಿ ಒದ್ದಾಡುತ್ತಿದ್ದ.

“ಮೊದ್ಲು ಮಾತು,” ಅಂದ ನಿಡುಪ.

“ವಾಪಸ್ ತಗೊಂಡೆ ಆಪ್. ನೀವು ರಾತ್ರಿ ಮನೆಗೆ ಹೋಗಿರ್ಲಿಲ್ಲ.”

“ಗಟ್ಟಿಯಾಗಿ.”

“ಆಪ್ ನಿಡುಪ ಮನೆಗೆ ಹೋಗಿರ್ಲಿಲ್ಲ!” ಎಂದು ಫುರ್ಬಾ ಎರಡೂ ಊರಿಗೆ ಕೇಳುವಂತೆ ಕೂಗಿದ.

ನಿಡುಪ ನಿಧಾನಕ್ಕೆ ಎಲೆಯಡಿಕೆ ಬಾಯಿಗಿಟ್ಟುಕೊಂಡ. ಒಂದು ಸಲ ಹೆಂಡತಿಯ ಕಡೆ ನೋಡಿದ.

“ಹೋಗ್ಬೇಕಿತ್ತು ಕಣೋ,” ಅಂದ. “ಹೋಗಿದ್ರೆ ಆ ಎರಡು ಪಂದ್ಯವೂ ಗೆದ್ದಿರ್ತಿದ್ವಿ.”