ಗಾರ್ಡಿನ ಲಾಂದ್ರ

ಕಡಲಾಚೆ ನಾವು ನೆಲೆಸಿದ ಸೀಡರ್ ಪಾರ್ಕ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹುಬ್ಬಳ್ಳಿ ಅಂಕಲ್‌ಗೆ ಐರ್ಲೆಂಡಿನ ಹಳೆಯ ರೈಲುಗಳ ಹುಚ್ಚಿತ್ತು. ಆ ದೇಶವನ್ನು ಅವರು ನೋಡಿದ್ದು ವಿಮಾನ ಬದಲಿಸಲು ಕಾದ ನಾಲ್ಕು ಗಂಟೆ ಮಾತ್ರ, ಅದೂ ಗಾಜಿನಾಚೆಯಿಂದ. ಆದರೂ ಅಲ್ಲಿಯ ಹಳಿಗಳ ಅಂತರ ಭಾರತದ ಬ್ರಾಡ್‌ಗೇಜಿಗಿಂತ ಮೂರಿಂಚು ಕಿರಿದೆಂಬುದನ್ನು ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಬೆರಳು ಅಗಲಿಸಿ ತೋರಿಸುತ್ತಿದ್ದರು. ಸೀಡರ್ ಪಾರ್ಕಿನ ಹಳೆಯ ರೈಲನ್ನು ಉಳಿಸಲು ನಿವೃತ್ತರು ಶನಿವಾರವಿಡೀ ತುಕ್ಕು ಕೆರೆಯುತ್ತಿದ್ದರೆ, ಇವರು ಜೇಬಿನಲ್ಲಿ ಕೈಯಿಟ್ಟು ನಿಂತು, "ಬಣ್ಣ ಹೊಸಾದದ. ಒರಿಜಿನಲ್ ಅಲ್ರಿ" ಎಂದು ನನಗೆ ಹೇಳುತ್ತಿದ್ದರು.

ಒರಿಜಿನಲ್ ಎಲ್ಲ ಇದ್ದದ್ದು ಅವರ ಗರಾಜಿನ ಕಪಾಟಿನಲ್ಲಿ. ಆನ್‌ಲೈನಿನಲ್ಲಿ ತರಿಸಿದ ಸೀಟಿ, ಗಂಟೆ, ನಂಬರ್ ಪ್ಲೇಟು. ಎಲ್ಲಕ್ಕೂ ಮೇಲೆ, ಐರಿಶ್ ರೈಲಿನ ಗಾರ್ಡ್ ಹಿಡಿಯುತ್ತಿದ್ದನೆನ್ನುವ ಹಿತ್ತಾಳೆ ಲಾಂದ್ರ. "ನೂರು ವರ್ಷದ ಕಿಲುಬು, ಮುಟ್ಟಬ್ಯಾಡ್ರಿ" ಎಂದು ನಮ್ಮನ್ನು ಮಾರು ದೂರ ನಿಲ್ಲಿಸುತ್ತಿದ್ದರು.

ಆಯುಧಪೂಜೆಯ ದಿನ ನಾವು ಹೋದಾಗ ಎರಡು ಕಾರುಗಳ ನಡುವೆ ಮಣೆಯ ಮೇಲೆ ಲಾಂದ್ರ ಫಳಫಳ ಹೊಳೆಯುತ್ತಿತ್ತು. ಪೂಜೆಗೆ ಕಿಲುಬಿನ ಸಾಮಾನು ಇಡಬಾರದೆಂದು ಆಂಟಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಅಂಕಲ್ ಚೀರುತ್ತಾ ಅದನ್ನೆತ್ತಿ ತಿರುವಿ ನೋಡಿದರು. ತಳದಲ್ಲಿ ಅಕ್ಷರಗಳು ಸ್ಪಷ್ಟವಾಗಿ ಎದ್ದಿದ್ದವು: ಮೇಡ್ ಇನ್ ಇಂಡಿಯಾ.

ಅಂಕಲ್ ಲಾಂದ್ರದ ತಳವನ್ನು ನಮ್ಮತ್ತ ಹಿಡಿದು, "ನೋಡ್ರಿ, ಐರ್ಲೆಂಡಿನವರು ಆಗಿನ ಕಾಲಕ್ಕೇ ಲಾಂದ್ರ ನಮ್ಮಿಂದ ತರಿಸ್ತಿದ್ರು!" ಎಂದರು.

ಆಂಟಿಯ ಕೈಯಲ್ಲಿ ಹುಣಸೆಹಣ್ಣು ಇನ್ನೂ ಇತ್ತು. "ಹಂಗಾದ್ರ ಉಳಿದವನ್ನೂ ತಿಕ್ಕಿಬಿಡ್ಲೇನ್ರಿ?" ಎಂದು ಕೇಳಿದರು.

ಅಂಕಲ್ ಎರಡೂ ಕೈ ಅಗಲಿಸಿ ಕಪಾಟಿಗೆ ಅಡ್ಡ ನಿಂತರು.