ಹೇಳಬಾರದ ಮೂರು ತಿಂಗಳು

ಪರಿಮಳಾ ಶಹಾಪುರದಲ್ಲಿ ಪಿಯುಸಿ ಮುಗಿಸಿ ಬಳಿಚಕ್ರಕ್ಕೆ ಸೊಸೆಯಾಗಿ ಬಂದು ಒಂದೂವರೆ ವರ್ಷವಾಗಿತ್ತು. ದಿನವೂ ನಳದಿಂದ ಹತ್ತು ಕೊಡ ನೀರು, ಐದು ಮಂದಿಗೆ ರೊಟ್ಟಿ, ಆಮೇಲೆ ಅತ್ತೆ ಲಾಲಮ್ಮನ ಜೊತೆ ಹತ್ತಿ ಬಿಡಿಸುವ ಕೂಲಿ. ಬಸುರಾದ ಮೇಲೂ ಒಂದು ಕೊಡವೂ ಕಡಿಮೆಯಾಗಲಿಲ್ಲ. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊಸ್ತಿಲು ದಾಟಬಾರದೆಂಬುದು ಆ ಓಣಿಯ ರೂಢಿ. ಸುದ್ದಿ ದಾಟಬಾರದೆಂದರೆ ಸೊಸೆ ಎಂದಿನಂತೆ ಕೊಡ ಹೊತ್ತು ದಾಟುತ್ತಲೇ ಇರಬೇಕು.

ಒಂದು ಸೋಮವಾರ ಹತ್ತಿಯ ಗಂಟು ಎತ್ತಿದಾಗ ಸೀರೆಗೆ ರಕ್ತ ತಾಗಿತು. ಮರುದಿನ ಗಂಡ ಜೈಭೀಮ ಯಾದಗಿರಿಗೆ ಕರೆದೊಯ್ದ. ಸ್ಕ್ಯಾನಿಂಗ್ ಮಾಡುತ್ತ ಡಾಕ್ಟರಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು.

“ಹನ್ನೆರಡು ವಾರ ಆಗ್ಯಾವ. ಬೆರಳಿನಷ್ಟು ಉದ್ದ ಅದ ನೋಡು. ಕೈಬೆರಳು ಬಿಡಿಬಿಡಿ ಆಗ್ಯಾವ. ಒದಿಯಾಕತ್ತದ, ನಿನಗ ಇನ್ನ ತಿಳಿಯೂದಿಲ್ಲ.”

ಬೂದು ಬೆಳಕಿನಲ್ಲಿ ಆ ಜೀವ ಕಾಲು ಚಾಚಿ ಮಡಚುತ್ತಿತ್ತು. ಎದೆಬಡಿತ ಚೆನ್ನಾಗಿತ್ತು. ಪಕ್ಕದಲ್ಲಿ ಮಾತ್ರ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ತೋರಿಸುವ ತನಕ ಭಾರ ಎತ್ತಬಾರದೆಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದರು.

ಮನೆಯಲ್ಲಿ ಲಾಲಮ್ಮ ಬೆರಳು ಮಡಚಿ ಎಣಿಸಿದಳು. ಡಾಕ್ಟರರ ಲೆಕ್ಕ ಕೊನೆಯ ಮುಟ್ಟಿನಿಂದ, ಅವಳದು ಮುಟ್ಟು ತಪ್ಪಿದ ದಿನದಿಂದ.

“ಮೂರೆಲ್ಲಿ ಬಂತು? ಎರಡ ಆಗ್ಯಾವ. ಈಗ ಕೆಲಸ ಬಿಟ್ಟು ಕುಂತಿ ಅಂದ್ರ ಓಣಿ ಹೆಣ್ಮಕ್ಕಳು ಸುಮ್ನ ಬಿಡ್ತಾರೇನು?”

“ಅತ್ತಿ, ಡಾಕ್ಟರು ಬರದು ಕೊಟ್ಟಾರ್ರಿ.”

“ಆಕಿ ಬಂದು ನೀರು ತರ್ತಾಳೇನು? ಬೌದ್ಧರಾಗಿ ನಾವು ದೇವ್ರು ದಿಂಡ್ರು ಬಿಟ್ಟೇವಿ, ಮಂದಿ ಕಣ್ಣು ನಮ್ಮನ್ನ ಬಿಟ್ಟಿಲ್ಲ.”

“ನೀರು ಇವರು ತರಲಿ.”

ಜೈಭೀಮ ನಕ್ಕ. “ನಾ ಕೊಡ ಹೊತ್ತರ ಊರಿಗೆಲ್ಲ ಡಂಗುರ ಸಾರಿದಂಗ. ಇನ್ನೊಂದು ತಿಂಗಳು ತಡಿ.”

ಮನೆಯಲ್ಲಿ ಗಂಡ, ಮಾವ, ಮೈದುನ ಮೂವರಿದ್ದರು. ಮೂವರ ಹೆಗಲೂ ಗಟ್ಟಿಯಾಗಿತ್ತು. ಲಾಲಮ್ಮ ಕೆಟ್ಟವಳೇನಲ್ಲ. ನಾಲ್ಕು ಬಸಿರನ್ನು ಹೀಗೇ ಬಚ್ಚಿಟ್ಟು ದುಡಿದವಳು. ಎರಡು ಉಳಿಯಲಿಲ್ಲ. ಸುದ್ದಿ ಯಾರಿಗೂ ಹೇಳದಿದ್ದರೂ ಹೋದ ಆ ಎರಡಕ್ಕೂ ಅವಳು ಮಂದಿಯ ಕಣ್ಣನ್ನೇ ದೂರಿದ್ದಳು.

ಆರು ದಿನ ಪರಿಮಳಾ ನೀರು ಹೊತ್ತಳು. ಏಳನೆಯ ದಿನ ಬಚ್ಚಲಲ್ಲಿ ಕುಸಿದಳು. ಲಾಲಮ್ಮ ಅವಳ ಬೆನ್ನು ಹಿಡಿದು ಕೂತು ಸದ್ದಿಲ್ಲದೆ ಅತ್ತಳು. ಆಸ್ಪತ್ರೆಯಲ್ಲಿ, ಬಸಿರು ಹೋದದ್ದಕ್ಕೆ ಭಾರ ಎತ್ತಿದ್ದೇ ಕಾರಣವೋ ಅಲ್ಲವೋ ಹೇಳಲಾಗದೆಂದು ಡಾಕ್ಟರಮ್ಮ ಅಂದರು. ಎರಡು ವಾರ ಮಲಗಿರಲಿ ಅಂದರು.

“ಬಾಣಂತಿ ಅಂದ್ರ ನಲವತ್ತು ದಿನ ಮಲಗಸ್ತಿದ್ದೆ,” ಎಂದಳು ಲಾಲಮ್ಮ ಮನೆಗೆ ಬಂದು. “ಬಸಿರು ಅಂತನ ಹೇಳಿಲ್ಲ, ಈಗ ಏನಂತ ಹೇಳಿ ಮಲಗಸಲಿ? ಜ್ವರ ಅನ್ನೋಣು. ಜ್ವರಕ್ಕ ಮೂರು ದಿನ.”

ನಾಲ್ಕನೆಯ ದಿನ ಹತ್ತಿ ಹೊಲಕ್ಕೆ ಹೊರಟ ಟಂಟಂ ಗಾಡಿಯಲ್ಲಿ ಪಕ್ಕದ ಮನೆಯ ದೇವಕಮ್ಮ ಕೇಳಿದಳು, “ಜ್ವರ ಇಳೀತೇನ?”

“ಜ್ವರ ಅಲ್ರಿ ಅಕ್ಕ. ಹದಿಮೂರು ವಾರದ್ದು ಹೋತು.”

ದೇವಕಮ್ಮ ಸರಿದು ಅವಳಿಗೆ ಒರಗಲು ಜಾಗ ಮಾಡಿದಳು.

“ಮತ್ತ ಯಾಕ ಬಂದೀ ತಂಗಿ?”

ಪರಿಮಳಾ ಅತ್ತೆಯತ್ತ ನೋಡಿದಳು. ಲಾಲಮ್ಮ ರಸ್ತೆ ನೋಡುತ್ತ ಕೂತಿದ್ದಳು. ಟಂಟಂ ಹೊಲದ ದಾರಿಗೆ ತಿರುಗಿತು.