ಕಂಡಕ್ಟರನ ಕಾಲು ಮತ್ತು ಒಂದು ಉದ್ದನೆಯ ಸೀಟಿ

ನಮ್ಮ ಬೀದಿಯ ಕಂಡಕ್ಟರ್ ಪ್ರಯಾಣಿಕರ ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟವನಲ್ಲ. ಮೇಷ್ಟ್ರಾಗಿದ್ದ ನಾನು ಶಾಲೆಗೆ ಹೋಗಿಬರುತ್ತಿದ್ದುದು ಅವನ ಬಸ್ಸಿನಲ್ಲೇ. "ಯಾವಾಗಪ್ಪ ಹೊರಡೋದು?" ಎಂದರೆ, "ಹೊರಡುತ್ತೆ, ಕೂತ್ಕೊಳ್ಳಿ." "ಯಾಕಪ್ಪ ನಿಂತಿದೆ?" ಎಂದರೆ, "ಸುಮ್ನೆ ನಿಲ್ಲುತ್ತಾ? ಕೂತ್ಕೊಳ್ಳಿ." ಕೂರಲು ಜಾಗವಿಲ್ಲದೆ ಜೋತಾಡುತ್ತಿದ್ದವರಿಗೂ ಇದೇ ಉತ್ತರ. ಆದರೂ ಅವನನ್ನು ಕಂಡರೆ ಎಲ್ಲರಿಗೂ ಅಕ್ಕರೆ. ಬಸುರಿ ಹೆಂಗಸು ಹತ್ತಿದರೆ ಎಂಥ ದೊಡ್ಡ ಮನುಷ್ಯನನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದ. ದಿನವಿಡೀ ನಿಂತೇ ಇರುವುದು ಅವನಿಗೊಂದು ಜಂಬ. "ಡ್ರೈವರಿಗೇನು ಮೇಷ್ಟ್ರೇ, ಕೂತು ತಿನ್ನೋನು. ನಿಂತು ದುಡಿಯೋನು ನಾನು" ಎನ್ನುತ್ತಿದ್ದ.

ಒಂದು ಬೆಳಗ್ಗೆ ನಿಲ್ದಾಣದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಸುತ್ತಿದ್ದ. ಹಿಂದೆ ನಿಂತು ದಾರಿ ತೋರಿಸುವುದು ಕಂಡಕ್ಟರನ ಕೆಲಸ; ಅವನು ಉದ್ದಕ್ಕೆ ಸೀಟಿ ಊದಿದರೆ ಡ್ರೈವರ್ ಬ್ರೇಕು ಒತ್ತಬೇಕು. ಬಸ್ಸೇನೋ ನಿಂತಿತು, ಹಿಂದಿನಿಂದ ನುಗ್ಗಿ ಬಂದ ಸ್ಕೂಟರ್ ನಿಲ್ಲಲಿಲ್ಲ. ಎರಡರ ನಡುವೆ ಸಿಕ್ಕ ಕಂಡಕ್ಟರನ ಬಲಗಾಲು ಜಜ್ಜಿಹೋಯಿತು. ಶಾಲೆಗೆ ಹೊರಟಿದ್ದ ನಾನೂ ಡ್ರೈವರೂ ಸೇರಿ ಅವನನ್ನು ಆಸ್ಪತ್ರೆಗೆ ಸಾಗಿಸಿದೆವು. ಸುದ್ದಿ ಕೇಳಿದ ಅವನ ಹೆಂಡತಿ ಹಿಂದೆಯೇ ಓಡಿ ಬಂದಳು.

ತುರ್ತು ವಿಭಾಗದವರ ಚುರುಕನ್ನು ಮೆಚ್ಚಲೇಬೇಕು. ಒಬ್ಬರು ಪ್ಯಾಂಟು ಕತ್ತರಿಸಿದರು, ಒಬ್ಬರು ರಕ್ತ ನಿಲ್ಲಿಸಿದರು, ಇನ್ನೊಬ್ಬರು ಸೂಜಿ ಚುಚ್ಚಿದರು. ಕೈಗಳಿಗೆ ಪುರುಸೊತ್ತೇ ಇಲ್ಲ. ಬಾಯಿಗಳಿಗೆ ಮಾತ್ರ ಅಂದು ರಜೆ.

"ಸಿಸ್ಟರ್, ನನ್ನ ಕಾಲು ಉಳಿಯುತ್ತಾ?"

"ಡಾಕ್ಟರ್ ಬರ್ತಾರೆ, ಮಲ್ಕೊಳ್ಳಿ."

ಕಿರಿಯ ಡಾಕ್ಟರು ಬಂದು ಪಾದವನ್ನು ಮುಟ್ಟಿ ನೋಡಿದರು. "ಡಾಕ್ಟ್ರೇ, ಕಾಲು..."

"ದೊಡ್ಡ ಡಾಕ್ಟರ್ ಬರ್ತಾರೆ, ಮಲ್ಕೊಳ್ಳಿ."

"ಮಲ್ಕೊಂಡೇ ಇದೀನಲ್ಲ ಸ್ವಾಮಿ, ಇನ್ನು ಹೇಗೆ ಮಲ್ಕೊಳ್ಳಲಿ!"

ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಕುಟುಕಿದಳು: "ರೀ, ನೀವು ಕೂತ್ಕೊಳ್ಳಿ ಅಂತೀರಿ, ಇವರು ಮಲ್ಕೊಳ್ಳಿ ಅಂತಾರೆ. ಏನು ವ್ಯತ್ಯಾಸ?"

"ಸುಮ್ನಿರೇ ನೀನೊಬ್ಬಳು!" ಎಂದವನು ನನ್ನ ಕೈ ಹಿಡಿದುಕೊಂಡ. "ಮೇಷ್ಟ್ರೇ, ಕಾಲಿಲ್ದೋನನ್ನ ಯಾರು ಬಸ್ಸಿಗೆ ಹತ್ತಿಸ್ತಾರೆ? ಹೋಗೋದಾದ್ರೆ ಹೋಗುತ್ತೆ ಅಂತ ಒಂದು ಮಾತು ಹೇಳ್ಬಾರ್ದಾ?"

ನಾನು ಹೋಗಿ ವಿಚಾರಿಸಿದೆ. ನನಗೆ ಬೆಂಚು ತೋರಿಸಿದರು.

ಕೊನೆಗೆ ದೊಡ್ಡ ಡಾಕ್ಟರು ಶಿಷ್ಯರ ದಂಡಿನೊಡನೆ ಬಂದು, ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು, ಕಾಲನ್ನು ಕುರಿತು ಪಾಠ ಮಾಡಿದರು. ಒಳ್ಳೆಯ ಪಾಠವೇ ಇದ್ದೀತು. ಪಾಠ ಹೇಳಿಯೇ ಅನ್ನ ತಿನ್ನುತ್ತಿದ್ದ ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಶಿಷ್ಯರು ಭಕ್ತಿಯಿಂದ ತಲೆದೂಗಿದರು. ಆ ಕಾಲಿಗೆ ಹುಟ್ಟಿದಾಗಿನಿಂದ ಅಷ್ಟು ಮರ್ಯಾದೆ ಸಿಕ್ಕಿರಲಾರದು. ಅದರ ಇನ್ನೊಂದು ತುದಿಯಲ್ಲಿ ಮುಖವೊಂದಿರುವುದು ಮಾತ್ರ ಯಾರಿಗೂ ಕಾಣಲಿಲ್ಲ. "ಸರಿ, ಮುಂದಿನದು" ಎಂದು ದೊಡ್ಡ ಡಾಕ್ಟರು ತಿರುಗಿದರು.

ಆಗ ಕಂಡಕ್ಟರ್ ಅಂಗಿಯ ಜೇಬಿನಿಂದ ಸೀಟಿ ತೆಗೆದು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ, ಉದ್ದಕ್ಕೆ ಊದಿಬಿಟ್ಟ.

ಇಡೀ ವಿಭಾಗ ಗಕ್ಕನೆ ನಿಂತಿತು. ಗಾಲಿಮಂಚ ತಳ್ಳುತ್ತಿದ್ದವನು ನಿಂತ. ಪಕ್ಕದ ಹಾಸಿಗೆಯ ಮುದುಕ ನರಳುವುದನ್ನೇ ನಿಲ್ಲಿಸಿದ. ನಮ್ಮ ಡ್ರೈವರಂತೂ ಅಭ್ಯಾಸಬಲದಿಂದ, ಬೆಂಚಿನ ಮೇಲೆ ಕೂತಲ್ಲೇ ಬಲಗಾಲನ್ನು ನೆಲಕ್ಕೆ ಒತ್ತಿದ.

"ಯಾರ್ರೀ ಅದು?" ದೊಡ್ಡ ಡಾಕ್ಟರು ಗುಡುಗಿದರು.

"ನಾನು ಸಾರ್, ಈ ಕಾಲಿನ ಜೊತೆ ಬಂದೋನು."

"ಇದು ಆಸ್ಪತ್ರೆ ಕಣ್ರೀ, ಬಸ್ ಸ್ಟ್ಯಾಂಡಲ್ಲ!"

"ಗೊತ್ತು ಸಾರ್, ಬಸ್ ಸ್ಟ್ಯಾಂಡಲ್ಲಾದ್ರೆ ಬೋರ್ಡಾದ್ರೂ ಇರುತ್ತೆ. ಕಾಲು ಉಳಿಯುತ್ತೋ ಹೋಗುತ್ತೋ? ಅದೊಂದು ಹೇಳಿ ಮುಂದೆ ಹೋಗಿ."

ಡಾಕ್ಟರು ಮೊದಲ ಬಾರಿಗೆ ಅವನ ಮುಖ ನೋಡಿದರು. ದನಿ ತಾನಾಗಿ ತಗ್ಗಿತು. "ಉಳಿಯುತ್ತೆ. ಮೂಳೆ ಮುರಿದಿದೆ, ಆದ್ರೆ ಪಾದಕ್ಕೆ ರಕ್ತ ಹೋಗ್ತಿದೆ. ಆಪರೇಷನ್ ಮಾಡಿ ಪ್ಲೇಟು ಹಾಕ್ತೀವಿ. ನಿಂತು ಕೆಲಸ ಮಾಡ್ಬಹುದು, ಸ್ವಲ್ಪ ಕುಂಟು ಉಳಿದೀತು. ಯಾರೂ ಹೇಳ್ಲಿಲ್ವಾ?"

ಕಿರಿಯ ಡಾಕ್ಟರು ಸಿಸ್ಟರನ್ನು ನೋಡಿದರು, ಸಿಸ್ಟರು ಗೋಡೆಯನ್ನು ನೋಡಿದರು. ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದ ಕಂಡಕ್ಟರ್ ಮಗುವಿನಂತೆ ಅತ್ತುಬಿಟ್ಟ.

ಕಾಲು ಉಳಿಯಿತು, ಕುಂಟೂ ಉಳಿಯಿತು. ಅವನು ಮತ್ತೆ ಕೆಲಸಕ್ಕೆ ಬಂದ ದಿನ ಬಸ್ಸಿನಲ್ಲಿ ನಾನೂ ಇದ್ದೆ. ಅಜ್ಜಿಯೊಬ್ಬರು ಎಂದಿನಂತೆ, "ಯಾವಾಗಪ್ಪ ಹೊರಡೋದು?" ಎಂದರು.

"ಹೊರಡು..." ಎಂದವನು ನಾಲಿಗೆ ಕಚ್ಚಿಕೊಂಡ. "ಡ್ರೈವರ್ ಟೀ ಕುಡೀತಿದಾನೆ ಅಜ್ಜಿ. ಲೋಟ ಕೆಳಗಿಟ್ಟ ತಕ್ಷಣ ಹೊರಡ್ತೀವಿ."

ಅಜ್ಜಿ ಗಾಬರಿಯಿಂದ ಅವನನ್ನೇ ನೋಡಿದರು. "ಪೂರ್ತಿ ಹುಷಾರಾಗಿದೀಯಾ ತಾನೇ ಮಗನೇ?"

ಆಸ್ಪತ್ರೆಯೂ ಪಾಠ ಕಲಿಯದೆ ಇರಲಿಲ್ಲ. ಕಾಲು ತೋರಿಸಲು ಅವನ ಜೊತೆ ಮತ್ತೆ ಹೋದಾಗ, ತುರ್ತು ವಿಭಾಗದ ಬಾಗಿಲಲ್ಲಿ ಹೊಸ ಬೋರ್ಡೊಂದು ಥಳಥಳಿಸುತ್ತಿತ್ತು: 'ಒಳಗೆ ಸೀಟಿ ಊದುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.'

"ಇದು ಯಾಕಮ್ಮ?" ಎಂದು ಅಲ್ಲಿದ್ದ ಹೊಸ ಸಿಸ್ಟರನ್ನು ಕೇಳಿದೆ.

"ಡಾಕ್ಟರ್ ಬರ್ತಾರೆ, ಕೂತ್ಕೊಳ್ಳಿ" ಎಂದರು.